ನಮ್ಮ ಓಣಿಯ ಸೈಕಲ್ ಕಥೆ

ಕಿರಾಣಿ ಅಂಗಡಿ ಕಾಕಾ ಮೊನ್ನೆ ಬೆಲ್ಲ ತೂಗುತ್ತಾ ಖುಷಿಯಿಂದ ಹೇಳಿದರು: "ನಮ್ಮ ಹುಡುಗ ಸೈಕಲ್ ಶುರು ಮಾಡ್ಯಾನ್ರೀ ಮೇಷ್ಟ್ರೇ. ಹನ್ನೆರಡು ವಾರದ್ದಂತ."

ನನಗೂ ಖುಷಿಯಾಯಿತು. ಎರಡು ಮನೆ ಆಚೆಗಿನ ಹಾಲಿನಂಗಡಿಗೂ ಬುಲೆಟ್ ಮೇಲೆ ಹೋಗುವ ಹುಡುಗ ಅವನು. ಈ ಬಳ್ಳಾರಿ ಬಿಸಿಲಲ್ಲಿ ಸೈಕಲ್ ತುಳಿಯುತ್ತಾನೆ ಅಂದರೆ ಸಣ್ಣ ಮಾತಲ್ಲ. ಆದರೆ ಅಂಗಡಿ ಮುಂದೆ ಸೈಕಲ್ ಕಾಣಲಿಲ್ಲ. ಬುಲೆಟ್ ಮಾತ್ರ ನಿಂತಿತ್ತು.

"ಸೈಕಲ್ ಎಲ್ಲಿ ಕಾಕಾ?"

"ಜಿಮ್‌ನಾಗ ಐತಂತ್ರೀ. ಇದು ಮುಗದ ಮ್ಯಾಲೆ ಕಟಿಂಗ್ ಮಾಡ್ತಾನಂತ. ಒಳ್ಳೇದ ಆತು, ಕೂದಲಾ ಬಾಳ ಬೆಳದಿದ್ವು."

ಅಷ್ಟೇ ಅಲ್ಲ. ಮಗ ಫೋನಿನಲ್ಲಿ ಯಾರಿಗೋ "ಈ ವಾರ ಟೆಸ್ಟ್ ತಗೊಂಡೆ" ಅಂದದ್ದು ಕಾಕಾ ಕಿವಿಗೆ ಬಿದ್ದಿತ್ತು. ಪಿಎಸ್‌ಐ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ ಅಂತ ಹನುಮಪ್ಪನ ಗುಡಿಯಲ್ಲಿ ಕಾಯಿ ಒಡೆಸಿ ಬಂದಿದ್ದರು. ಇನ್ನೊಮ್ಮೆ "ಟ್ರೆನ್ ಬೇಕು" ಅಂದನಂತೆ. "ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಐತಲ್ಲೋ" ಅಂತ ಇವರು ಉತ್ತರ ಕೊಟ್ಟರಂತೆ.

ಅರ್ಥ ಬಿಡಿಸಿ ಹೇಳುವ ಧೈರ್ಯ ನನಗಾಗಲಿಲ್ಲ. ಅವರಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ಜಿಮ್ ಭಾಷೆಯಲ್ಲಿ ಸೈಕಲ್‌ಗೆ ಗಾಲಿ ಇಲ್ಲ, ಸೂಜಿ ಇದೆ. ಇಷ್ಟು ವಾರ ಹಾರ್ಮೋನ್ ಚುಚ್ಚಿಕೊಳ್ಳುವುದು, ಇಷ್ಟು ವಾರ ಬಿಡುವುದು, ಈ ಲೆಕ್ಕಕ್ಕೆ ಸೈಕಲ್ ಅನ್ನುತ್ತಾರೆ. ಟೆಸ್ಟ್ ಅಂದರೆ ಟೆಸ್ಟೊಸ್ಟೆರಾನ್, ಗಂಡಸಿನ ಹಾರ್ಮೋನು. ಕಟಿಂಗ್ ಅಂದರೆ ಮೈಯ ಕೊಬ್ಬು ಕರಗಿಸಿ ನರ ಎದ್ದು ಕಾಣುವ ಹಾಗೆ ಮಾಡುವುದು. ಆ ಕೊನೆಯ ಸ್ಥಿತಿಯ ಹೆಸರು 'ಲೀನ್'. ಟ್ರೆನ್ ಅಂದರೆ ಟ್ರೆನ್‌ಬೊಲೋನ್. ಅಮೆರಿಕದಲ್ಲಿ ದನಗಳಿಗೆ ಮಾಂಸ ಹೆಚ್ಚಲಿ ಅಂತ ಕಿವಿಯ ಚರ್ಮದ ಕೆಳಗೆ ಇಡುವ ಮದ್ದು ಅದು. ನಮ್ಮ ಕಡೆ ಎತ್ತಿಗೆ ಶೇಂಗಾ ಹಿಂಡಿ ತಿನ್ನಿಸುತ್ತೇವೆ, ಮಗನಿಗೆ ದನದ ಮದ್ದು.

ನನಗೆ ಇದೆಲ್ಲ ಹೇಗೆ ಗೊತ್ತು ಅಂತೀರಾ? ನಾನೂ ಎರಡು ತಿಂಗಳು ಅಲ್ಲಿಗೆ ಹೋದವನೇ. ಹೊರಗೆ 42 ಡಿಗ್ರಿ. ಸುಮ್ನೆ ನಿಂತರೂ ಅಂಗಿ ಒದ್ದೆ. ಆದರೂ ಬೆವರು ಬರಲಿ ಅಂತ ಎಸಿ ರೂಮಿಗೆ ದುಡ್ಡು ಕಟ್ಟುವ ಊರು ನಮ್ಮದು. ಕಬ್ಬಿಣದ ಕಥೆ ಇನ್ನೂ ಚೆಂದ. ಸಂಡೂರಿನ ಗುಡ್ಡ ಅಗೆದು ಅದಿರನ್ನು ಲಾರಿಗಟ್ಟಲೆ ಕಳಿಸಿದೆವು. ರಸ್ತೆ, ಗೋಡೆ, ಬೇವಿನ ಮರ ಎಲ್ಲ ಕೆಂಪಾದವು. ಆ ಕಬ್ಬಿಣ ಯಾವುದೋ ಊರಲ್ಲಿ ಬಿಲ್ಲೆಯಾಗಿ ತಿರುಗಿ ಬಂದಿದೆ. ಈಗ ಅದನ್ನು ಎತ್ತಿ, ಎತ್ತಿದ ಜಾಗದಲ್ಲೇ ಇಳಿಸಲು ತಿಂಗಳಿಗಿಷ್ಟು ಅಂತ ಬಾಡಿಗೆ ಕೊಡುತ್ತೇವೆ.

ಜಿಮ್ ಉದ್ಘಾಟನೆಗೆ ಬಂದ ನಾಯಕರು ಖಾಲಿ ರಾಡ್ ಎತ್ತಿ ಫೋಟೊ ತೆಗೆಸಿಕೊಂಡರು. ಅಷ್ಟಕ್ಕೇ ಅಂಗಿಯ ಗುಂಡಿ ಕಿತ್ತುಬಂತು. ಅದು ಬಿಡಿ.

ಕೋಚ್ ನನ್ನ ಹೊಟ್ಟೆ ನೋಡಿದ. "ಸರ್, ನಿಮಗ ಟೆಸ್ಟ್ ಕಡಿಮಿ ಆಗೈತಿ" ಅಂದ. ವಯಸ್ಸಾದ ಹಾಗೆ ಟೆಸ್ಟೊಸ್ಟೆರಾನ್ ನಿಧಾನವಾಗಿ ಇಳಿಯುವುದು ನಿಜ. ಮೈಯ ಕೊಬ್ಬು ಅದರಲ್ಲಿ ಒಂದಷ್ಟನ್ನು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನಾಗಿ ಬದಲಿಸುವುದೂ ನಿಜ. ಆದರೆ ನಿಜಕ್ಕೂ ಕಡಿಮೆ ಇದೆಯಾ ಅಂತ ತಿಳಿಯಲು ಬೆಳಗ್ಗೆ ಹೊತ್ತು ರಕ್ತ ಕೊಟ್ಟು ನೋಡಿಸಬೇಕು, ಅದೂ ಒಂದೇ ಸಲ ಅಲ್ಲ. ಆಮೇಲೆ ಮದ್ದು ಬೇಕೋ ಬೇಡವೋ ಅಂತ ಡಾಕ್ಟರು ಹೇಳಬೇಕು. ನಮ್ಮ ಕೋಚ್‌ಗೆ ಕಣ್ಣೇ ಲ್ಯಾಬು. ಹೋದ ವರ್ಷದವರೆಗೂ ಅವನು ಮೊಬೈಲ್ ರಿಪೇರಿ ಮಾಡುತ್ತಿದ್ದ. ಡಿಸ್‌ಪ್ಲೇ ನೋಡಿ "ಬೋರ್ಡ್ ಹೋಗೈತ್ರೀ" ಅನ್ನುವ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಈ ಟೆಸ್ಟೊಸ್ಟೆರಾನ್ ಮೊದಲು ಕೈಗೆ ಸಿಕ್ಕಿದ್ದು ಹೋರಿಗಳಿಂದ. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಹೋರಿಯ ಬೀಜದಿಂದ ಅದನ್ನು ಬೇರೆ ಮಾಡಿದರು. ಹೋರಿಯಾಗಲು ಹೊರಟವನಿಗೆ ಸರಿಯಾದ ಮದ್ದೇ ಅಲ್ವಾ? ಇಲ್ಲೇ ಇರುವುದು ತಮಾಷೆ.

ಮಿದುಳಿನ ಬುಡದಲ್ಲಿ ಪಿಟ್ಯುಟರಿ ಅನ್ನುವ ಪುಟ್ಟ ಗ್ರಂಥಿ ಇದೆ. ಅದನ್ನು ನಮ್ಮ ವಾರ್ಡಿನಲ್ಲಿ ನೀರು ಬಿಡುವವನು ಅಂದುಕೊಳ್ಳಿ. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಇಳಿದರೆ ಅವನು ವಾಲ್ವ್ ತಿರುವುತ್ತಾನೆ, ಕೆಳಗೆ ಬೀಜಗಳು ಕೆಲಸ ಶುರು ಮಾಡುತ್ತವೆ. ಈಗ ಮನೆ ಮುಂದೆ ಟ್ಯಾಂಕರ್ ಬಂದು ಸಂಪು ತುಂಬಿಸಿತು ಅನ್ನಿ. ಅವನು ನೋಡುತ್ತಾನೆ. 'ಇವರಿಗೆ ನೀರು ಜಾಸ್ತಿಯೇ ಇದೆ' ಅಂತ ವಾಲ್ವ್ ಬಂದ್ ಮಾಡಿ ಮನೆಗೆ ಹೋಗುತ್ತಾನೆ. ಸೂಜಿ ಅಂದರೆ ಆ ಟ್ಯಾಂಕರ್. ಕೆಲಸವಿಲ್ಲದ ಬೀಜ ಸಣ್ಣಗಾಗುತ್ತವೆ. ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ಎಷ್ಟರ ಮಟ್ಟಿಗೆ ಅಂದರೆ, ಇದೇ ಹಾರ್ಮೋನು ಗಂಡಸರಿಗೆ ಗರ್ಭನಿರೋಧಕ ಆದೀತಾ ಅಂತ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷೆ ಮಾಡಿಸಿ, 1990ರಲ್ಲಿ ಫಲಿತಾಂಶ ಪ್ರಕಟಿಸಿತು. ಚೆನ್ನಾಗಿಯೇ ಕೆಲಸ ಮಾಡಿತ್ತು. ಸೂಜಿ ಬಿಟ್ಟ ಮೇಲೆ ನೀರು ಬಿಡುವವನು ತಿರುಗಿ ಡ್ಯೂಟಿಗೆ ಬರಲು ತಿಂಗಳುಗಳೇ ಬೇಕು. ಕೆಲವರಿಗೆ ಅವನು ಸರಿಯಾಗಿ ಬರುವುದೇ ಇಲ್ಲ.

ಇತ್ತ ಕಾಕಾ ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಬರುವ ವರ್ಷ ಮೊಮ್ಮಗನ ತೊಟ್ಟಿಲು ಅಂತ ಲೆಕ್ಕ ಹಾಕಿದ್ದಾರೆ. ಹೆಣ್ಣಿನವರ ಮುಂದೆ ಎದೆ ಉಬ್ಬಿಸಿ ಕೂರಲು ಮಗ ಚುಚ್ಚಿಕೊಳ್ಳುತ್ತಿರುವುದು ಇದನ್ನೇ. ಹಳ್ಳಿಯಲ್ಲಿ ಹೋರಿಯ ಬೀಜ ಒಡೆಸಿ ಎತ್ತು ಮಾಡಬೇಕಾದರೆ ನಾಲ್ಕು ಜನ ಹಗ್ಗ ಹಾಕಿ ಕೆಡವಬೇಕು. ಇಲ್ಲಿ ಹೋರಿಯೇ ಸ್ಕ್ಯಾನ್ ಮಾಡಿ ದುಡ್ಡು ಕಳಿಸಿ, ಪಾಳಿ ಹಚ್ಚಿ ನಿಲ್ಲುತ್ತದೆ.

ಇನ್ನು ಎದೆ. ಹೆಚ್ಚಾದ ಟೆಸ್ಟೊಸ್ಟೆರಾನ್ ಈಸ್ಟ್ರೋಜನ್ ಆಗಿ ಎದೆಯೂ ಬೆಳೆಯುತ್ತದೆ. ಆದರೆ ಅವನು ಕೇಳಿದ ಎದೆ ಅಲ್ಲ ಅದು.

ಜಿಮ್‌ನಲ್ಲಿ ಯಾರೂ ಮಾತಾಡದ ಇನ್ನೊಂದು ವಿಷಯ ಇದೆ. ಸೂಜಿ ಹಾಕಿದರೆ ಸ್ನಾಯು ಬೇಗ ಉಬ್ಬುತ್ತದೆ. ಅದನ್ನು ಮೂಳೆಗೆ ಕಟ್ಟಿಹಾಕುವ ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಭಾರ ಮಾತ್ರ ಏರುತ್ತಲೇ ಇರುತ್ತದೆ. ಒಂದು ದಿನ ರಜ್ಜು ಹರಿಯುತ್ತದೆ. ಗೇಟು ಎಷ್ಟು ದೊಡ್ಡದಿದ್ದರೇನು, ಚೈನು ತುಂಡಾದರೆ ಏನಾಗುತ್ತದೆ ಅಂತ 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟು ನೋಡಿದ ನಮಗೆ ಬೇರೆ ಉದಾಹರಣೆ ಬೇಕಾ? ಹೃದಯವೂ ಸ್ನಾಯುವೇ. ಅದೂ ದಪ್ಪಗಾಗುತ್ತದೆ. ಅದರ ಫೋಟೊ ಮಾತ್ರ ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲ.

ಭಾರ ಎತ್ತುವುದನ್ನೇ ನಾನು ಆಡಿಕೊಳ್ಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅದು ಒಳ್ಳೆಯದೇ. ಮೂಳೆಗೆ ಒಳ್ಳೆಯದು, ಶುಗರ್‌ಗೆ ಒಳ್ಳೆಯದು, ನನ್ನಂಥ ಐವತ್ತು ದಾಟಿದವರಿಗಂತೂ ಬೇಕೇ ಬೇಕು. ನಮ್ಮಲ್ಲಿ ಗರಡಿ ಮನೆ ಇತ್ತು, ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರಿದ್ದರು. ಈಗಲೂ ಎಪಿಎಂಸಿಗೆ ಹೋಗಿ ನೋಡಿ. 50 ಕಿಲೋ ಚೀಲವನ್ನು ಬೆನ್ನ ಮೇಲೆ ಹಾಕಿಕೊಂಡು ಲಾರಿಗೂ ಗೋದಾಮಿಗೂ ನಡೆಯುವ ಹಮಾಲರ ತೋಳು ಹಗ್ಗ ಹೊಸೆದ ಹಾಗಿರುತ್ತದೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಬೇಳೆ. (ಅವರ ಸೊಂಟದ ಕಥೆ ಬೇರೆ. ಆ ನೋವಿಗೆ ಯಾವ ಕೋಚೂ ಇಲ್ಲ.) ಸ್ನಾಯು ಬೆಳೆಯಲು ಬೇಕಾದ್ದು ಬೇಜಾರಾಗುವಷ್ಟು ಸಾದಾ ಸಂಗತಿಗಳು: ಸ್ವಲ್ಪ ಸ್ವಲ್ಪ ಭಾರ ಏರಿಸುವುದು, ಮೊಟ್ಟೆ, ಬೇಳೆ, ಶೇಂಗಾ, ಮೊಸರು, ರಾತ್ರಿ ನಿದ್ದೆ. ಮೈ ತನ್ನ ಗ್ರೋತ್ ಹಾರ್ಮೋನನ್ನು ಹೆಚ್ಚಾಗಿ ಬಿಡುವುದೇ ಗಾಢ ನಿದ್ದೆಯಲ್ಲಿ, ಅದೂ ಪುಕ್ಕಟೆ. ಕಾಕಾ ಮಗ ರಾತ್ರಿ ಎರಡರವರೆಗೆ ರೀಲ್ಸ್ ನೋಡುತ್ತಾನೆ. ಬೆಳಗ್ಗೆ ಎದ್ದು ಅದೇ ಹಾರ್ಮೋನನ್ನು ದುಡ್ಡು ಕೊಟ್ಟು ಹೊಟ್ಟೆಗೆ ಚುಚ್ಚಿಕೊಳ್ಳುತ್ತಾನೆ.

ಆ ಸೀಸೆ ಇರುವುದು ಕಾಕಾ ಮನೆಯ ಫ್ರಿಜ್‌ನಲ್ಲಿ. ಒಂದು ಕಡೆ ಮೊಸರಿನ ಗಡಿಗೆ, ಇನ್ನೊಂದು ಕಡೆ ಅಜ್ಜಿಯ ಇನ್ಸುಲಿನ್. ಎರಡು ವಾರದಿಂದ ಇನ್ಸುಲಿನ್ ಯಾಕೋ ಬೇಗ ಖಾಲಿಯಾಗುತ್ತಿತ್ತು. "ನಂಗ ಮರವು ಬಂದೈತೇನೋ, ಎರಡೆರಡು ಸಲ ತಗೊಂತೀನೇನೋ" ಅಂತ ಅಜ್ಜಿ ತನ್ನನ್ನೇ ಬೈದುಕೊಳ್ಳುತ್ತಿತ್ತು. ಇನ್ಸುಲಿನ್ ತಗೊಂಡರೆ ಸ್ನಾಯು ಬೇಗ ತುಂಬುತ್ತದೆ ಅಂತ ಕೋಚ್ ಹೇಳಿಕೊಟ್ಟಿದ್ದು ಅದಕ್ಕೇನು ಗೊತ್ತು?

ಶುಕ್ರವಾರ ಸಂಜೆ ನಾನು ಸಕ್ಕರೆ ತರಲು ಹೋದಾಗ ಹುಡುಗ ಅಂಗಡಿ ಕಟ್ಟೆ ಮೇಲೆ ಕೂತಿದ್ದ. ಮುಖವೆಲ್ಲ ಬೆವರು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಕಾಕಾ "ಬಿಸಲಿಗೆ ಆಗೈತಿ" ಅಂತ ಬೀಸಣಿಗೆ ಹುಡುಕಲು ಹೋದರು. ಅಜ್ಜಿ ಮಾತ್ರ ಒಂದು ಕ್ಷಣ ದಿಟ್ಟಿಸಿ ನೋಡಿತು. ಇಪ್ಪತ್ತು ವರ್ಷದಿಂದ ಶುಗರ್ ಜೊತೆ ಸಂಸಾರ ಮಾಡಿದ ಜೀವ ಅದು. ಡಬ್ಬಿಯಿಂದ ಬೆಲ್ಲದ ಉಂಡೆ ತೆಗೆದು ಅವನ ಬಾಯಿಗೆ ತುರುಕಿತು, ಮೇಲೆ ಎರಡು ಲೋಟ ಸಕ್ಕರೆ ನೀರು ಕುಡಿಸಿತು. ಕಾಲು ಗಂಟೆಯಲ್ಲಿ ಹುಡುಗ ಕಣ್ಣು ಬಿಟ್ಟು ನೆಟ್ಟಗೆ ಕೂತ.

"ನನ್ನ ಔಷಧ ಯಾಕ್ ಚುಚ್ಚಿಕೊಂಡ್ಯೋ?" ಅಂತ ಅಜ್ಜಿ ಕೇಳಿತು.

ಹುಡುಗ ತಲೆ ತಗ್ಗಿಸಿದ. "ಮದುವಿ ಒಳಗ ಲೀನ್ ಆಗಬೇಕಿತ್ತು ಅಜ್ಜೀ."

ಅಜ್ಜಿ ಸೆರಗಿನಿಂದ ಅವನ ಮುಖ ಒರೆಸಿತು. "ಶಿವನೊಳಗ ಲೀನ ಆಗೂ ಪಾಳಿ ನಂದೈತಿ. ನೀ ನನ್ನ ಹಿಂದ ನಿಲ್ಲು."