ಚಪ್ಪಾಳೆಗೆ ಸಾವಿರ, ಕೊಡಕ್ಕೆ ಸೊನ್ನೆ

ರಾತ್ರಿ ಒಂಬತ್ತೂವರೆ. ನಾನು ಹಾಲ್‌ನಲ್ಲಿ ಟೀಪಾಯಿ ಸುತ್ತ ಗಾಣದೆತ್ತಿನ ಹಾಗೆ ತಿರುಗುತ್ತಿದ್ದೆ. ಕೈಗೆ ಕಟ್ಟಿದ ಫಿಟ್‌ನೆಸ್ ಬ್ಯಾಂಡ್ 9,640 ತೋರಿಸುತ್ತಿತ್ತು. ಇನ್ನು 360 ಹೆಜ್ಜೆ ಹಾಕಿ ಹತ್ತು ಸಾವಿರದ ಗುರಿ ಮುಟ್ಟದಿದ್ದರೆ ಆಫೀಸಿನ ಸ್ಟೆಪ್ ಚಾಲೆಂಜ್‌ನಲ್ಲಿ ನಮ್ಮ ಟೀಮು ಅಕೌಂಟ್ಸ್‌ನವರಿಗಿಂತ ಕೆಳಗೆ ಇಳಿಯುತ್ತದೆ. ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ಅಕೌಂಟ್ಸ್‌ನವರಿಗಿಂತ!

ಅಮ್ಮ ಸೀರಿಯಲ್‌ನಿಂದ ಕಣ್ಣು ತೆಗೆದು, "ಏನೋ ಅದು, ಬಾಲ ಸುಟ್ಟ ಬೆಕ್ಕಿನ ಥರ?" ಅಂದರು.

"ಆರೋಗ್ಯಕ್ಕಮ್ಮ."

"ಬೆಳಿಗ್ಗೆ ಸಿಲಿಂಡರ್ ಒಳಗಿಡು ಅಂದ್ರೆ ಬೆನ್ನು ನೋವು ಅಂದೆ."

ಸಿಲಿಂಡರ್ ಎತ್ತಿದರೆ ಹೆಜ್ಜೆ ಬೀಳಲ್ಲ. ಇದನ್ನು ಅಮ್ಮನಿಗೆ ಹೇಗೆ ಹೇಳುವುದು?

ಈ ಬ್ಯಾಂಡಿನ ಒಳಗೆ ಒಂದು ಪುಟ್ಟ ಚಿಪ್ ಇದೆ. ಆಕ್ಸಿಲರೋಮೀಟರ್ ಅಂತಾರೆ. ಮೇಲೆ ಕೆಳಗೆ, ಹಿಂದೆ ಮುಂದೆ, ಆಚೆ ಈಚೆ, ಹೀಗೆ ಮೂರು ಕಡೆಯ ಅಲುಗಾಟ ಅದಕ್ಕೆ ತಿಳಿಯುತ್ತದೆ. ಕಾಲು ಮಾತ್ರ ಕಾಣಿಸಲ್ಲ, ಪಾಪ. ಕೈ ಒಂದೇ ತಾಳದಲ್ಲಿ ಆಡಿದರೆ 'ಸಾಹೇಬರು ನಡೀತಿದ್ದಾರೆ' ಅಂತ ಬರೆದುಕೊಳ್ಳುತ್ತದೆ.

ಒಮ್ಮೆ ಇದನ್ನು ಎರಡು ದಿನ ಅಮ್ಮನ ಕೈಗೆ ಕಟ್ಟಿದ್ದೆ. ಮೊದಲ ದಿನ ಭಜನೆ. ಚಕ್ಕಳಮಕ್ಕಳ ಹಾಕಿ ಕೂತು ಮುಕ್ಕಾಲು ಗಂಟೆ ಚಪ್ಪಾಳೆ ತಟ್ಟಿದ್ದಕ್ಕೆ ಸಾವಿರ ಹೆಜ್ಜೆ ಬಂತು. ಮಾರನೇ ದಿನ ಮೋಟರ್ ಕೆಟ್ಟು ನಲ್ಲಿಯಲ್ಲಿ ನೀರಿಲ್ಲ. ಕೆಳಗಿನ ಸಂಪಿನಿಂದ ಕೊಡ ತುಂಬಿ, ಸೊಂಟಕ್ಕಿಟ್ಟು, ಬ್ಯಾಂಡ್ ಕಟ್ಟಿದ ಅದೇ ಕೈಯಲ್ಲಿ ತಬ್ಬಿಕೊಂಡು, ಅಮ್ಮ ಎರಡನೇ ಮಹಡಿಗೆ ನಾಲ್ಕು ಸಲ ಹತ್ತಿದರು. ಕೈ ಆಡಲಿಲ್ಲ, ಹೆಜ್ಜೆ ಏರಲಿಲ್ಲ. ಐದನೇ ಕೊಡಕ್ಕೆ ಇಳಿಯುವ ಮುಂಚೆ ಅದು ಗುರ್ ಎಂದು ನಡುಗಿ, 'ತುಂಬಾ ಹೊತ್ತು ಕೂತಿದ್ದೀರಿ, ಎದ್ದು ಸ್ವಲ್ಪ ಓಡಾಡಿ' ಅಂದಿತಂತೆ. ನೀವೆಲ್ಲಿದ್ರಿ ಅಂತ ಕೇಳಬೇಡಿ. ನಾನು ಪಾರ್ಕಿನಲ್ಲಿದ್ದೆ, ಹೆಜ್ಜೆ ಹಾಕುತ್ತಾ.

ಅಂದಹಾಗೆ ಈ ಹತ್ತು ಸಾವಿರ ಯಾರು ಬರೆದುಕೊಟ್ಟ ಚೀಟಿ? ಡಾಕ್ಟರು ಅಂದುಕೊಂಡಿದ್ದೆ. ಅಲ್ಲ, ಅಂಗಡಿಯವರು. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ಮುಗಿದ ಮಾರನೇ ವರ್ಷ ಜಪಾನಿನ ಯಾಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಮೀಟರ್ ಮಾರಾಟಕ್ಕಿಟ್ಟಿತು. ಹೆಸರು 'ಮಾನ್ಪೋಕೆ'. ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಆ ಹೆಸರು ನಾಲಿಗೆಗೆ ಚೆನ್ನಾಗಿತ್ತು, ಲೋಕವೆಲ್ಲ ನಡೆಯಿತು. ಸುಮಾರು ಐವತ್ತು ವರ್ಷ ಆದಮೇಲೆ, 2019ರಲ್ಲಿ, ಅಮೆರಿಕದ ಸಂಶೋಧಕರು ವಯಸ್ಸಾದ ಹದಿನಾರು ಸಾವಿರಕ್ಕೂ ಜಾಸ್ತಿ ಹೆಂಗಸರ ಹೆಜ್ಜೆ ಎಣಿಸಿ, 7,500 ದಾಟಿದ ಮೇಲೆ ಆಯಸ್ಸಿನ ಲಾಭ ಹೆಚ್ಚುವುದು ಕಾಣಲಿಲ್ಲ ಅಂದರು. ನಮ್ಮ ಎಚ್‌ಆರ್‌ಗೆ ಇದನ್ನು ಮೇಲ್ ಮಾಡಿದೆ. ಮುಂದಿನ ತಿಂಗಳಿಂದ ಗುರಿ ಹನ್ನೆರಡು ಸಾವಿರ ಅಂತ ಉತ್ತರ ಬಂತು.

ದೇಶಕ್ಕೂ ರ‍್ಯಾಂಕ್ ಬಂದಿತ್ತು, ನೆನಪಿದೆಯಾ? 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಲಕ್ಷ ಜನರ ಫೋನ್ ಹೆಜ್ಜೆ ಕೂಡಿಸಿದರು. 46 ದೇಶಗಳಲ್ಲಿ ನಮಗೆ 39ನೇ ಸ್ಥಾನ, ದಿನಕ್ಕೆ 4,297 ಹೆಜ್ಜೆ. ಭಾರತೀಯರು ಸೋಮಾರಿಗಳು ಅಂತ ಪೇಪರ್ ತುಂಬಾ ಸುದ್ದಿ. ಅವರು ಎಣಿಸಿದ್ದು ಜೇಬಿನ ಫೋನನ್ನು ಸ್ವಾಮಿ. ಫೋನನ್ನು ಚಾರ್ಜಿಗಿಟ್ಟು ಬದುವಿನ ಮೇಲೆ ಹುಲ್ಲಿನ ಹೊರೆ ಹೊತ್ತವಳ ಲೆಕ್ಕ ಎಲ್ಲಿ ಬರಬೇಕು? ಸೀರೆಗೆ ಜೇಬಿಲ್ಲ.

ಹಾಗಂತ ದುಡಿಯುವವರ ಕೈಗೆ ಯಾರೂ ವಾಚು ಕಟ್ಟಿಲ್ಲ ಅನ್ನುವ ಹಾಗಿಲ್ಲ. ನಾಗಪುರದಲ್ಲಿ, 2020ರ ಹೊತ್ತಿಗೆ ಚಂಡೀಗಢದಲ್ಲಿ, ಬೀದಿ ಗುಡಿಸುವವರಿಗೆ ಪಾಲಿಕೆಯವರೇ ಜಿಪಿಎಸ್ ವಾಚು ಕಟ್ಟಿದರು. ಯಾರು ಎಲ್ಲಿದ್ದಾರೆ ಅಂತ ಆಫೀಸಿನಲ್ಲಿ ಕೂತೇ ನೋಡಬಹುದಿತ್ತು. ಬೇಡಪ್ಪಾ ಅಂತ ಕೆಲಸಗಾರರು ಪ್ರತಿಭಟನೆ ಮಾಡಿದರು. ನಾನು ಕೂತರೆ ನನ್ನ ಬ್ಯಾಂಡ್ ನನಗೆ ಹೇಳುತ್ತದೆ. ಅವರು ಕೂತರೆ ಅವರ ವಾಚು ಸಾಹೇಬರಿಗೆ ಹೇಳುತ್ತಿತ್ತು. ಆ ಸಾಹೇಬರು ಕುರ್ಚಿಯಿಂದ ದಿನಕ್ಕೆ ಎಷ್ಟು ಸಲ ಎದ್ದರು ಅಂತ ಎಣಿಸಿದ ಸುದ್ದಿ ನಾನಂತೂ ಓದಿಲ್ಲ.

ನಮ್ಮ ಬೀದಿ ಗುಡಿಸುವ ಅಕ್ಕನನ್ನು ಒಂದು ಬೆಳಿಗ್ಗೆ ಸುಮ್ನೆ ಕೇಳಿದೆ, "ದಿನಕ್ಕೆ ಎಷ್ಟು ಹೆಜ್ಜೆ ಆಗುತ್ತಕ್ಕಾ?" ಅವರು ಪೊರಕೆ ನೆಲಕ್ಕೆ ಕುಟ್ಟಿ ಕಡ್ಡಿ ಸಮ ಮಾಡಿಕೊಂಡರು. "ಎಷ್ಟು ಬೀದಿ ಅಂತ ಕೇಳಿ ಸಾರ್, ಹೇಳ್ತೀನಿ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಕಸದ ಮೇಲೆ ನಿಂತಿದ್ದೀರ."

ಇರಲಿ, ಟೀಪಾಯಿಗೆ ಬರೋಣ. 9,986ಕ್ಕೆ ತಲೆ ಸುತ್ತಿ ಸೋಫಾ ಮೇಲೆ ಕುಸಿದೆ. ಇನ್ನು ಹದಿನಾಲ್ಕು. ಭಜನೆಯ ಪಾಠ ನೆನಪಾಯಿತು. ಕೂತಲ್ಲೇ ತಾಳ ಹಾಕಿದೆ. ಬ್ಯಾಂಡ್ ನಡುಗಿತು, ಪರದೆ ಮೇಲೆ ಪಟಾಕಿ ಸಿಡಿಯಿತು.

"ಏನಾಯ್ತೋ?"

"ಹತ್ತು ಸಾವಿರ ಆಯ್ತಮ್ಮ!"

"ಸರಿ, ಹೆಪ್ಪು ಹಾಕಕ್ಕೆ ಹಾಲಿಲ್ಲ. ಮೂಲೆ ಅಂಗಡಿಯಿಂದ ಅರ್ಧ ಲೀಟರ್ ತಗೊಂಡು ಬಾ."

ನಾನು ಸ್ಕೂಟರ್ ಕೀ ಹುಡುಕಿದೆ.