ನಾಲ್ಕು ಚಪ್ಪಾಳೆಯ ಸಂಪ್ರದಾಯ

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಇಲ್ಲಿ ಕಕ್ಕಿಬಿಟ್ಟರೇ ನಿದ್ದೆ ಬರೋದು. ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಆಫೀಸಿನವರೆಲ್ಲ ಡಬ್ಲಿನ್ನಿನ ಪಬ್ ಕೇರಿ ಟೆಂಪಲ್ ಬಾರ್ ಕಡೆ ಹೋಗಿದ್ವಿ. ನಾನು ಕುಡಿಯಲ್ಲ ಅಂತ ನಿಮಗೆ ಗೊತ್ತಲ್ಲ, ಡಬ್ಲಿನ್ನಿನ ಪಬ್ಬುಗಳಿಗೆ ನಾನು ಹೋಗೋದೇ ಪಿಟೀಲು, ಪೈಪು ಕೇಳೋಕೆ. ಗಿಟಾರಿನವನೊಬ್ಬ ‘ದಿ ವೈಲ್ಡ್ ರೋವರ್’ ಅನ್ನೋ ಹಳೇ ಜನಪದ ಹಾಡು ಎತ್ಕೊಂಡ. ಪಲ್ಲವಿ ಬಂದಾಗಲೆಲ್ಲ ಇಡೀ ಪಬ್ಬು ಟಪ್ ಟಪ್ ಟಪ್ ಟಪ್ ಅಂತ ನಾಲ್ಕು ಚಪ್ಪಾಳೆ, ಮೇಲೊಂದು ಗುಟುಕು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಭಾವುಕರಾಗಿ, “ಇದು ನೋಡಿ ನಮ್ಮ ಅನಾದಿ ಸಂಪ್ರದಾಯ. ಲ್ಯಾಂಕಮ್ ಅಂತ ಒಂದು ಬ್ಯಾಂಡಿದೆ, ಇದೇ ಹಾಡನ್ನ ಹೆಣದ ಮುಂದೆ ಕೂತವರ ಹಾಗೆ ಹಾಡಿ ಕುಲಗೆಡಿಸಿದ್ದಾರೆ” ಅಂದರು.

ಸ್ವಾಮಿ, ಹಾಡಲ್ಲಿ ಏನಿದೆ ಅಂತ ಒಮ್ಮೆಯಾದರೂ ಕೇಳಿಸ್ಕೊಂಡಿದ್ದೀರಾ? ಒಂದು ಕಾಲಕ್ಕೆ ದುಡ್ಡೆಲ್ಲ ಕುಡಿತಕ್ಕೆ ಸುರಿದವನೊಬ್ಬ ಈಗ ದುಡ್ಡು ಮಾಡ್ಕೊಂಡು ಹಳೇ ಹೆಂಡದಂಗಡಿಗೆ ಬಂದು ಬೇಕಂತಲೇ ಸಾಲ ಕೇಳ್ತಾನೆ. ಅಂಗಡಿಯವಳು ಆಗಲ್ಲ ಅಂತಾಳೆ. ಜೇಬಿಂದ ಚಿನ್ನದ ನಾಣ್ಯ ತೆಗೆದದ್ದೇ ತಡ, ಅವಳ ಮಾತೇ ಬೇರೆ. ಸಾಕಪ್ಪ ಈ ಬಾಳು ಅಂತ ಅಪ್ಪ ಅಮ್ಮನ ಹತ್ರ ಕ್ಷಮೆ ಕೇಳೋಕೆ ಹೊರಡ್ತಾನೆ. ಕುಡಿತ ಬಿಡೋ ಹಾಡಿಗೆ ಕೈಯಲ್ಲಿ ಬಿಯರ್ ಪೈಂಟ್ ಹಿಡಿದು ಚಪ್ಪಾಳೆ! ಇದನ್ನ ಮನೆಮಾತು ಮಾಡಿದ್ದು 1960ರ ದಶಕದಲ್ಲಿ ‘ದಿ ಡಬ್ಲಿನರ್ಸ್’ ತಂಡ. ಅವರ ಮೇಲೆ ನನಗೆ ಗೌರವವಿದೆ. ಆದರೆ ಅರವತ್ತು ವರ್ಷದ ಹಿಂದಿನ ಒಂದು ಧಾಟಿ ‘ಅನಾದಿ’ ಆಗಿದ್ದು ಯಾವಾಗ?

ಲ್ಯಾಂಕಮ್‌ನವರು 2019ರ ಆಲ್ಬಮ್‌ನಲ್ಲಿ ಈ ಹಾಡಿಗೆ ಹತ್ತು ನಿಮಿಷಕ್ಕೂ ಹೆಚ್ಚು ಕೊಟ್ಟಿದ್ದಾರೆ. ಅಡಿಯಲ್ಲಿ ಒಂದೇ ಶ್ರುತಿ ಗುಂಯ್ ಅಂತಿರುತ್ತೆ. ಅದರ ಮೇಲೆ ತಂಡದ ಗಾಯಕಿ ರೇಡಿ ಪೀಟ್ ದನಿ: ನಯ ಇಲ್ಲ, ನಾಜೂಕಿಲ್ಲ, ಒರಟು. ಹಾಡು ಮುಗೀತಾ ಬಂದಂಗೆ ಆ ಶ್ರುತಿ ಊದಿಕೊಂಡು, ಎದೆ ಮೇಲೆ ಚಪ್ಪಡಿ ಎಳೆದ ಹಾಗಾಗುತ್ತೆ. ಆ ಕುಡುಕನ ಪಶ್ಚಾತ್ತಾಪ ನನಗೆ ಮೊದಲ ಸಲ ನಿಜ ಅನ್ನಿಸಿದ್ದು ಅಲ್ಲೇ. ಸತ್ಯ ಹೇಳಬೇಕಂದ್ರೆ, ನನಗೆ ಇವರ ಹುಚ್ಚು ಹಿಡಿದಿದ್ದಕ್ಕೆ ಅರ್ಧ ಕಾರಣ ಮನೆಯ ನೆನಪು. ತಂಬೂರಿ ಕೇಳಿ ಬೆಳೆದ ಕಿವಿಗೆ ಷಡ್ಜ ಬಿಡದೆ ಹಿಡಿಯೋರು ಸಿಕ್ಕರೆ ಯಾವ ಊರಾದರೇನು! ಇಲ್ಲಿನ ಕೆಲವು ಗಾಯಕರು ನಮ್ಮ ಶ್ರುತಿಪೆಟ್ಟಿಗೆಯನ್ನೇ ಇಟ್ಕೊಂಡು ಹಾಡ್ತಾರೆ, ಗೊತ್ತಾ?

ಲ್ಯಾಂಕಮ್ ತಂಡ ಹಾರ್ಮೋನಿಯಂ ಬಳಸುತ್ತಲ್ಲ, “ಹಾರ್ಮೋನಿಯಂ ಎಲ್ಲಿ, ಐರಿಷ್ ಸಂಗೀತ ಎಲ್ಲಿ” ಅನ್ನೋದು ಆ ಸಾಹೇಬರ ಮುಂದಿನ ತಕರಾರು. ಅವರು ತಲೆದೂಗುವ ಬೌಜೂಕಿ ಅನ್ನೋ ತಂತಿವಾದ್ಯ ಗ್ರೀಸಿಂದು, 1960ರ ದಶಕದಲ್ಲಿ ಇಲ್ಲಿನ ಸಂಗೀತಕ್ಕೆ ಸೇರಿದ್ದು. ಬ್ಯಾಂಜೋ ಆಫ್ರಿಕಾದ ಬೇರಿನದು, ಅಮೆರಿಕ ಸುತ್ತಿ ಬಂದದ್ದು. ಕಾನ್ಸರ್ಟಿನಾ ಅನ್ನೋ ಪುಟ್ಟ ತಿದಿವಾದ್ಯ ಇಂಗ್ಲೆಂಡಿಂದು. ಅವೆಲ್ಲ ಮಡಿ, ಹಾರ್ಮೋನಿಯಂ ಮಾತ್ರ ಮೈಲಿಗೆ! ಆದರೂ ನಾನು ಜಾಸ್ತಿ ನಗೋ ಹಾಗಿಲ್ಲ. ನಮ್ಮ ಆಕಾಶವಾಣಿಯೂ 1940ರಿಂದ 1971ರವರೆಗೆ ಅದೇ ಪೆಟ್ಟಿಗೆಯನ್ನ ಬಾಗಿಲಾಚೆ ನಿಲ್ಲಿಸಿತ್ತು.

ಅಷ್ಟಕ್ಕೂ ಈ ಲ್ಯಾಂಕಮ್ ತಂಡದವರು ನಿನ್ನೆ ಮೊನ್ನೆ ಗ್ಯಾರೇಜಿಂದ ಎದ್ದು ಬಂದೋರಲ್ಲ. ತಂಡದ ಹೆಸರೇ ಒಂದು ಹಳೇ ಲಾವಣಿಯಿಂದ ಬಂದದ್ದು. ಅದನ್ನ ಹಾಡಿದ ಜಾನ್ ರೈಲಿ, ‘ಟ್ರಾವೆಲರ್’ ಅನ್ನೋ ಇಲ್ಲಿನ ಅಲೆಮಾರಿ ಸಮುದಾಯದವನು. ಟಾಮ್ ಮನ್ನೆಲ್ಲಿ ಅನ್ನೋ ಸಂಗ್ರಾಹಕ ಅವನ ಹಾಡುಗಳನ್ನ ಧ್ವನಿಮುದ್ರಿಸಿದ. 1969ರಲ್ಲಿ ರೈಲಿ ಕಡುಬಡತನದಲ್ಲೇ ಸತ್ತ. ಅವನ ಲಾವಣಿಗೆ ಟೆಂಪಲ್ ಬಾರಲ್ಲಿ ಯಾರು ಚಪ್ಪಾಳೆ ಹೊಡೀತಾರೆ? ಅದರ ಹೆಸರು ಹೊತ್ತು ತಿರುಗೋರು ಈ ‘ಕುಲಗೆಡಿಸಿದವರೇ’.

ತಂಡದ ಇಯನ್ ಲಿಂಚ್ ಇಲಿಯನ್ ಪೈಪ್ಸ್ ಅನ್ನೋ ಐರಿಷ್ ಚೀಲವಾದ್ಯ ನುಡಿಸ್ತಾರೆ. ಆ ವಾದ್ಯವನ್ನ ನುಡಿಸೋದು ಹತ್ತಿರದಿಂದ ನೋಡಿದ್ದೀರಾ? ಬಾಯಲ್ಲಿ ಊದೋದಲ್ಲ. ಬಲಮೊಣಕೈ ಕೆಳಗೆ ತಿದಿ, ಎಡಕಂಕುಳಲ್ಲಿ ಗಾಳಿಚೀಲ, ತೊಡೆ ಮೇಲೊಂದು ತೊಗಲಿನ ತುಂಡು. ಬೆರಳಾಡಿಸೋ ಕೊಳಲಿನಂಥ ಕೊಳವೆಯ ತುದಿಯನ್ನ ಆ ತೊಗಲಿಗೆ ಒತ್ತಿ, ಎತ್ತಿ ಸ್ವರ ಕತ್ತರಿಸ್ತಾರೆ. ಇದು ಕೈಗೆ ಹತ್ತೋಕೆ ವರ್ಷಗಟ್ಟಲೆ ಬೇಕು. ನಾಲ್ಕು ಚಪ್ಪಾಳೆ ಕಲಿಯೋಕೆ ಅರ್ಧ ಪೈಂಟ್ ಸಾಕು.

“ಆದರೂ ಎಲ್ಲವನ್ನೂ ಇಷ್ಟು ಕತ್ತಲೆ ಮಾಡಬೇಕಾ” ಅಂತ ಕೇಳೋರಿದ್ದಾರೆ. ಒಪ್ಪಿದೆ, ಒಂದೊಂದು ಕಡೆ ನನಗೂ ಅತಿ ಅನ್ನಿಸುತ್ತೆ. ಆದರೆ ಕುಣಿಯೋಕೆ ಜಿಗ್ಗು, ರೀಲು ಧಾಟಿಗಳು ಬೇಕಿದ್ದರೆ ಊರೆಲ್ಲ ಬಿದ್ದಿವೆ, ಇವರೇ ಬಡಿಸಬೇಕು ಅಂತ ಯಾಕೆ ಹಟ?

2023ರಲ್ಲಿ ಇವರ ಇನ್ನೊಂದು ಆಲ್ಬಮ್, ಬ್ರಿಟನ್-ಐರ್ಲೆಂಡಿನ ವರ್ಷದ ಆಲ್ಬಮ್‌ಗೆ ಕೊಡೋ ಮರ್ಕ್ಯುರಿ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಗೆಲ್ಲಲಿಲ್ಲ. ಗೆದ್ದಿದ್ದರೆ ಈ ಸಾಹೇಬರೇ ‘ನಮ್ಮ ಹುಡುಗರು’ ಅಂತ ಇನ್ನೊಂದು ರೌಂಡ್ ಹೇಳಿರೋರು, ಬರೆದಿಟ್ಕೊಳ್ಳಿ.

ಕೇಳೋರು ಹೆಡ್‌ಫೋನ್ ಹಾಕ್ಕೊಂಡು ಕೇಳಿ, ಫೋನ್ ಸ್ಪೀಕರಲ್ಲಿ ಆ ಶ್ರುತಿ ಸೊಳ್ಳೆ ಥರ ಕೇಳಿಸುತ್ತೆ. ಮಕ್ಕಳು ಮಲಗಿರೋವಾಗ ಮಾತ್ರ ಬೇಡ, ಕೊನೆ ಎರಡು ನಿಮಿಷಕ್ಕೆ ನಮ್ಮನೆಯವರು ಎದ್ದು ಬಂದು ಬೈದಾಗಿದೆ.