ಮೂರನೆಯ ಕೂಗು

ಭೂಕಂಪದ ಮಟ್ಟಿಗೆ ಬೆಂಗಳೂರು ಸುರಕ್ಷಿತ ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಬೇರೂರಿದೆ. 2020ರ ಮೇ 20ರ ಮಧ್ಯಾಹ್ನ ಊರನ್ನೇ ಬೆಚ್ಚಿಬೀಳಿಸಿದ ಸದ್ದನ್ನು ಭೂಕಂಪವೆಂದುಕೊಂಡವರಿಗೆ, ಅದು ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟದ ಶಬ್ದವೆಂದು ತಿಳಿದಾಗ ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಕಾಲಡಿಯಲ್ಲಿ ಲಾಲ್‌ಬಾಗಿನ ಬಂಡೆಯಂತಹ ಸುಮಾರು 300 ಕೋಟಿ ವರ್ಷದ ಹಿರಿಯರಿರುವಾಗ ಹೆದರುವುದಾದರೂ ಏಕೆ? ಆದರೆ 1993ರಲ್ಲಿ ಬೆಳಗಿನ ಜಾವ ನಡುಗಿದ ಮಹಾರಾಷ್ಟ್ರದ ಕಿಲ್ಲಾರಿಯೂ ಆಗಿನ ಭೂಕಂಪ ವಲಯ ನಕ್ಷೆಯ ಪ್ರಕಾರ ಅತ್ಯಂತ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿಯೇ ಇತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದ ಮೇಲೆ ಉಳಿದವುಗಳಲ್ಲಿ ಕನಿಷ್ಠವಾದ ಎರಡನೆಯದು ನಮ್ಮ ಪಾಲಿಗೆ ಬಂತು. ಇದನ್ನು ಓದಿದ ರಾತ್ರಿ ಮಲಗಿ ಮೇಲೆ ನೋಡಿದರೆ, ನನ್ನ ತಲೆಯ ನೇರಕ್ಕೆ ಅಟ್ಟದ ಅಂಚಿನಲ್ಲಿ ಅಮ್ಮ ಕೊಟ್ಟ ಹಿತ್ತಾಳೆ ಹಂಡೆ ಕುಳಿತಿತ್ತು.

ಒಬ್ಬನೇ ಇರುವವನ ಮನೆಯಲ್ಲಿ ನೆಲಕ್ಕಿಂತ ಮೇಲಿರುವ ಸಾಮಾನನ್ನೇ ಹೆಚ್ಚು ನಂಬಬಾರದು ಎಂದು ನನಗೆ ಆಗ ಅನ್ನಿಸಿತು. ಹಂಡೆಯನ್ನು ಇಳಿಸಿದ್ದಾಯಿತು, ಅದಕ್ಕೆ ಕೆಳಗೆ ಜಾಗವಿಲ್ಲದ್ದರಿಂದ ಈಗ ಬಾಗಿಲ ಬಳಿ ಇದ್ದು, ಭೂಕಂಪಕ್ಕಾಗಿ ಕಾಯದೆ ನನ್ನ ಮೊಣಕಾಲನ್ನು ದಿನವೂ ಪರೀಕ್ಷಿಸುತ್ತಿದೆ. ಇನ್ನು ಕಬ್ಬಿಣದ ಬೀರುವನ್ನು ಗೋಡೆಗೆ ಬಿಗಿಯಬೇಕಿತ್ತು. ಕ್ಯಾಲೆಂಡರಿಗೂ ಮೊಳೆ ಹೊಡೆಯಕೂಡದೆಂದು ಕರಾರುಪತ್ರದಲ್ಲಿ ಬರೆಸಿಕೊಂಡಿರುವ ಮನೆ ಮಾಲೀಕರು ನನ್ನ ಮಾತನ್ನು ಪೂರ್ತಿ ಕೇಳಿ, "ಭೂಕಂಪಕ್ಕೆ ಗೋಡೆ ಬಿರುಕು ಬಿಡುತ್ತೋ ಇಲ್ವೋ ಗೊತ್ತಿಲ್ಲ, ನೀವು ಡ್ರಿಲ್ ಹಾಕಿದ್ರೆ ಗ್ಯಾರಂಟಿ ಬಿಡುತ್ತೆ" ಎಂದರು. ಬೀರು ಈಗಲೂ ಸ್ವತಂತ್ರವಾಗಿದೆ. ಮಂಚ ಮಾತ್ರ ದೂರ ಸರಿದಿದೆ.

ನೆಲ ಅಲುಗಿದಾಗ ಓಡದೆ, ಗಟ್ಟಿಯಾದ ಮೇಜಿನ ಕೆಳಗೆ ಕುಳಿತು ಅದರ ಕಾಲು ಹಿಡಿದುಕೊಳ್ಳಬೇಕು ಎಂಬುದು ತಜ್ಞರ ಸಲಹೆ. ನನ್ನದು ಮಡಚುವ ಮೇಜು. ಅಭ್ಯಾಸಕ್ಕೆಂದು ಅದರಡಿ ತೂರಿ ಕಾಲನ್ನು ಭದ್ರವಾಗಿ ಹಿಡಿದ ಕೂಡಲೇ ಕೊಂಡಿ ಕಳಚಿ, ಮೇಜು ಅದರ ಮೇಲಿದ್ದ ಮಜ್ಜಿಗೆ ಲೋಟದ ಸಮೇತ ನನ್ನ ಬೆನ್ನಿನ ಮೇಲೆ ಮಡಚಿಕೊಂಡಿತು. ಮಲಗಿರುವಾಗ ನಡುಕ ಬಂದರೆ ಹಾಸಿಗೆಯಲ್ಲಿಯೇ ಇದ್ದು ದಿಂಬಿನಿಂದ ತಲೆ ಮುಚ್ಚಿಕೊಳ್ಳಬೇಕೆಂಬ ಇನ್ನೊಂದು ಸಲಹೆ ನನ್ನ ಸ್ವಭಾವಕ್ಕೆ ಹೆಚ್ಚು ಒಗ್ಗುತ್ತದೆ.

ತುರ್ತು ಚೀಲದಲ್ಲಿ ನೀರು, ಟಾರ್ಚು, ಔಷಧಿ, ದಾಖಲೆಗಳ ನಕಲು ಎಲ್ಲವೂ ಇವೆ. ಕೋಡುಬಳೆಯೂ ಇತ್ತು, ಮಳೆ ಬಂದ ಸಂಜೆಯನ್ನು ತುರ್ತು ಪರಿಸ್ಥಿತಿಯೆಂದು ಪರಿಗಣಿಸಬೇಕಾಯಿತು.

ಬಿಡಿ ಕೀಲಿಯನ್ನು ಕೆಳಗಿನ ಮನೆಯ ಆಂಟಿಗೆ ಕೊಡಲು ಹೋದಾಗ ಅವರು, "ಒಳಗಿಂದ ಚಿಲಕ ಹಾಕ್ಕೊಂಡಿದ್ರೆ ಇದನ್ನ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದು ಕೇಳಿದರು. ಯಾವ ಕೈಪಿಡಿಯಲ್ಲೂ ನಾನು ಕಾಣದಿದ್ದ ಪ್ರಶ್ನೆಯಿದು. ಆ ರಾತ್ರಿಯಿಂದ ಚಿಲಕ ಬಿಟ್ಟು ಬರಿಯ ಬೀಗ ಹಾಕಿಕೊಳ್ಳುತ್ತಿದ್ದೇನೆ. ಭೂಕಂಪದ ಭಯ ಇಳಿದು ಕಳ್ಳರ ಭಯ ಏರಿದೆ.

ಕೊನೆಯದಾಗಿ ಸೀಟಿ. ಅವಶೇಷದಡಿ ಸಿಕ್ಕಿಕೊಂಡವರು ಕಿರುಚಿದರೆ ಧೂಳು ಒಳಹೋಗುತ್ತದೆ, ಆದ್ದರಿಂದ ಸೀಟಿ ಊದಬೇಕು ಅಥವಾ ಪೈಪನ್ನು ತಟ್ಟಬೇಕು. ಕೆಳಗಿನವರೆಗೆ ಕೇಳಿಸುವುದೋ ಎಂದು ಒಂದು ಸಂಜೆ ಸ್ನಾನದ ಮನೆಯಲ್ಲಿ ನಿಂತು ಊದಿದೆ. ಚೆನ್ನಾಗಿಯೇ ಕೇಳಿಸಿತ್ತು. ಅದನ್ನು ಕುಕ್ಕರಿನ ಮೂರನೆಯ ಕೂಗೆಂದು ಎಣಿಸಿದ ಆಂಟಿ ಒಲೆ ಆರಿಸಿಬಿಟ್ಟಿದ್ದರು. ರಾತ್ರಿ ನನ್ನ ಪಾಲಿನ ಹುಳಿಯನ್ನು ತಂದುಕೊಟ್ಟು, ಬೇಯದ ಬೇಳೆಯನ್ನು ನಾನು ಅಗಿಯುವುದನ್ನು ನಿಂತು ನೋಡಿ, "ಇನ್ಮೇಲೆ ಊದೋ ಮುಂಚೆ ಒಂದು ಫೋನ್ ಮಾಡಿ" ಎಂದರು.